ಮೋಡದಲ್ಲಿ ನೆರಳೆಲ್ಲಿ?

ಹಲೋ? ಯಾರು ಮಾತಾಡ್ತಿರೋದು? ಸೋಲಾರ್ ಹಾಕಿಕೊಟ್ಟ ಹುಡುಗಿ ತಾನೆ? ಅಬ್ಬಾ, ಸಿಕ್ಕಿದೆಯಲ್ಲಮ್ಮಾ! ನಾನು, ಮೂಲೆಮನೆ ಮಹಡಿಯ ಅಜ್ಜಿ.

…ಹಾಂ, ಚೆನ್ನಾಗಿದ್ದೀನಿ. ಮನೆ ತುಂಬ ಸೀಮೆಎಣ್ಣೆ ವಾಸನೆ. ಚಿಕ್ಕಂದಿನಲ್ಲಿ ನಮ್ಮಮ್ಮ ಲಾಂದ್ರದ ಗಾಜು ಒರೆಸಿ ಬತ್ತಿ ಹಚ್ಚುವಾಗ ಬರ್ತಿತ್ತು ನೋಡು, ಅದೇ ವಾಸನೆ. ನಮ್ಮ ಯಜಮಾನ್ರು ಅಟ್ಟದಿಂದ ಲಾಂದ್ರ ಇಳಿಸಿ ಹಾಡುಹಗಲೇ ಹಚ್ಚಿದ್ದಾರೆ. ಬ್ಯಾಟರಿ ಉಳಿಸ್ತಾರಂತೆ!

…ಕರೆಂಟಾ? ಮೊನ್ನೆ ಬಿರುಗಾಳಿಗೆ ಹೋದದ್ದು ಬಂದೇ ಇಲ್ಲ. ಮಳೆ ನಿಂತಿದೆ, ಮೋಡ ಮಾತ್ರ ಕದಲ್ತಿಲ್ಲ. ಇನ್ವರ್ಟರ್ ಪೆಟ್ಟಿಗೆ ಮೇಲೆ ಬ್ಯಾಟರಿ ಹನ್ನೆರಡು ಅಂತ ತೋರಿಸ್ತಿದೆ. ನೂರಕ್ಕೆ ಹನ್ನೆರಡು! ಪರೀಕ್ಷೆಯಾಗಿದ್ರೆ ಅಪ್ಪ ಅಮ್ಮನ್ನ ಕರೆಸ್ತಿದ್ರು.

…ಹತ್ತಕ್ಕಿಳಿದ್ರೆ ತಾನೇ ಆಫ್ ಆಗಿಬಿಡುತ್ತಾ? ಅಷ್ಟು ಸಿಟ್ಟಾ ಅದಕ್ಕೆ?

…ಅಯ್ಯೋ, ನಮಗಲ್ಲಮ್ಮಾ. ನಾವಿಬ್ಬರೂ ಕತ್ತಲಲ್ಲೂ ಚೆನ್ನಾಗೇ ಜಗಳ ಆಡ್ತೀವಿ. ಕೆಳಮನೆ ಟೈಲರಮ್ಮನ ಮಗಳಿಗೆ ದಮ್ಮು. ಔಷಧಿ ಹಾಕಿ ನೆಬುಲೈಜರ್ ಹಿಡಿಯಬೇಕು. ಅದಕ್ಕೆ ಕರೆಂಟ್ ಬೇಕಲ್ಲ, ಇನ್ನೇನು ಮೇಲೆ ಬರ್ತಾರೆ. ಯಂತ್ರ ಅರ್ಧಕ್ಕೆ ನಿಂತ್ರೆ ಮಗು ಏನು ಮಾಡಬೇಕು ಹೇಳು?

…ಎಲ್ಲಾ ಆರಿಸಿದ್ದೀವಿ. ಫ್ರಿಜ್ಜು, ಟಿವಿ, ಕರೆಂಟ್ ಒಲೆ ಕೂಡ. ಬೆಳಿಗ್ಗೆಯಿಂದ ಬಿಸ್ಕತ್ತಿನಲ್ಲೇ ಸಂಸಾರ. ಟೈಲರಮ್ಮನಿಗೆ ಹೇಳಿಲ್ಲ, ಬೇಜಾರು ಮಾಡ್ಕೊಳ್ತಾಳೆ. ಈ ಫೋನಿಗೂ ಚಾರ್ಜ್ ಹಾಕಿಲ್ಲ, ಮಧ್ಯೆ ಕಟ್ಟಾದ್ರೆ ತಪ್ಪು ತಿಳೀಬೇಡ.

…ಬ್ಯಾಟರಿ ಮೇಲೆ ಏನಾದ್ರೂ ಇಟ್ಟಿದ್ದೀವಾ? ಇಟ್ಟಿಲ್ಲ. ಹೊದಿಸಿದ್ದೀವಿ. ಕಂಬಳಿ.

…ನಗಬೇಡ್ವೇ! ಚಳಿಗೆ ಬ್ಯಾಟರಿ ಸರಿಯಾಗಿ ಚಾರ್ಜ್ ತಗೊಳ್ಳಲ್ಲ ಅಂತ ನೀನೇ ಅಂದಿದ್ಯಂತೆ. …ಗಾಳಿ ಆಡಬೇಕಾ? ರೀ, ಕಂಬಳಿ ತೆಗೀರಿ! ಅದಕ್ಕೆ ಸೆಖೆಯಂತೆ!

…ಪ್ಯಾನೆಲ್ ಮೇಲೆ ನೆರಳಾ? ತಾಳು. ರೀ, ಮಗು ಬೆಡ್‌ಶೀಟೆಲ್ಲ ಎಲ್ಲಿ ಒಣಹಾಕಿದ್ರಿ? …ಅಯ್ಯೋ ನನ್ನ ಕರ್ಮವೇ! ಕೆಳಮನೇಲಿ ಒಣಹಾಕೋಕೆ ಜಾಗ ಇಲ್ಲ ಅಂತ ನಾನೇ ಇಸ್ಕೊಂಡು ಬಂದಿದ್ದೆ ಕಣಮ್ಮಾ. ಇವರು ಪ್ಯಾನೆಲ್ ಎದುರಿಗೇ ಹಗ್ಗ ಕಟ್ಟಿ ಸಾಲಾಗಿ ಹರಡಿದ್ದಾರೆ. ಬಿಸಿಲೇ ಇಲ್ಲದ ಮೇಲೆ ನೆರಳೆಲ್ಲಿಂದ ಬರುತ್ತೆ ಅಂತ ನನ್ನನ್ನೇ ಕೇಳ್ತಾರೆ!

…ಹಾಂ? ಮೋಡ ಇದ್ರೂ ಒಂದಿಷ್ಟು ಬೆಳಕು ಸಿಗುತ್ತಾ? ಅದಕ್ಕೂ ನಾವೇ ಅಡ್ಡ ನಿಂತಿದ್ದೀವಾ? ರೀ, ಹೋಗ್ರೀ ಬೇಗ! ಮಂಡಿನೋವಾ? ಆಮೇಲೆ ನೋಯಿಸ್ಕೊಳ್ಳಿ!

…ತಾರಸಿಗೆ ಹತ್ತಿದ್ರು. ಮೆಟ್ಟಿಲಿಗೊಂದು ಗೊಣಗಾಟ. …ಏನು ನೋಡ್ಲಿ, ಪೆಟ್ಟಿಗೆ ಮೇಲಿನ ಬಾಣವಾ? ಬ್ಯಾಟರಿಯಿಂದ ಮನೆ ಕಡೆಗಿದೆ. …ಇನ್ನೂ ಹಾಗೇ ಇದೆ. …ಹನ್ನೊಂದಾಯ್ತಮ್ಮಾ! …ತಾಳು, ತಾಳು. ತಿರುಗಿತು! ಬ್ಯಾಟರಿ ಕಡೆಗೇ ತಿರುಗಿತು ಕಣೇ!

…ಸಾಕಾಗುತ್ತಾ? ಮಗುಗೆ ಪೂರ್ತಿ ಔಷಧಿ ಆಗೋವರೆಗೂ? …ನಿಜ ತಾನೆ? ನಿನ್ನ ಬಾಯಿಗೆ ಸಕ್ಕರೆ ಹಾಕ!

…ಬಂದ್ರು ಬಂದ್ರು. ತಾಳು, ಲಾಂದ್ರ ಆರಿಸಿಬಿಡ್ತೀನಿ, ಆ ಹೊಗೆ ಮಗುಗೆ ಆಗಲ್ಲ. ಬಾ ಪುಟ್ಟಿ, ಕೂತ್ಕೋ. …ಕೇಳಿಸ್ತಾ ಯಂತ್ರ ಗುರ್ ಅನ್ನೋದು? ಯಜಮಾನ್ರೂ ಇಳಿದು ಬಂದ್ರು, ತಲೆ ಮೇಲೆ ಒದ್ದೆ ಬೆಡ್‌ಶೀಟು. ಪುಟ್ಟಿ ಮಾಸ್ಕ್ ಒಳಗೇ ನಗ್ತಿದ್ದಾಳೆ.

…ಒಂದ್ನಿಮಿಷ. ಏನಮ್ಮಾ ಇದು? …ಟೈಲರಮ್ಮ ಕೈಗಿಟ್ಲು ನೋಡು. ಎರಡು ತಟ್ಟೆ ಊಟ, ಮೇಲೆ ಮುಚ್ಚಿದ್ದಾಳೆ, ಅವಳ ಗ್ಯಾಸ್ ಒಲೆಯಿಂದ ಈಗ ಇಳಿಸಿದ್ದು, ಹಬೆಯಾಡ್ತಿದೆ. ನಾನು ಬಾಯೇ ಬಿಟ್ಟಿರಲಿಲ್ಲ ಕಣಮ್ಮಾ, ನಮ್ಮನೇಲಿ ಒಲೆ ಹಚ್ಚಿಲ್ಲ ಅಂತ ಇವಳಿಗೆ ಹೇಗೆ ಗೊತ್ತಾ…