ಕೆಂಪು ಕಾಗದದ ಸಾಲು

ಅಧ್ಯಕ್ಷಸ್ಥಾನದಲ್ಲಿರುವ ಕರಬಸಪ್ಪನವರೇ, ಬೀಜೋತ್ಪಾದನೆಯ ಹೆಣ್ಣುಮಕ್ಕಳ ಸಂಘ ಕಟ್ಟಿ ಈ ಸಮಾರಂಭ ಮಾಡುತ್ತಿರುವ ಶೀಲಾ ಅವರೇ, ಇಂದು ನಾವೆಲ್ಲ ಸನ್ಮಾನಿಸುತ್ತಿರುವ ಮೈಲವ್ವಕ್ಕಾ, ಹಲಗೇರಿಯಿಂದ ಟ್ರ್ಯಾಕ್ಟರ್ ಹತ್ತಿ ರಾಣೆಬೆನ್ನೂರಿಗೆ ಬಂದಿರುವ ನನ್ನೂರಿನ ಸಭಿಕರೇ,

ಧೈರ್ಯದ ಬದುಕಿನ ಬಗ್ಗೆ ಹತ್ತು ನಿಮಿಷ ಮಾತನಾಡಬೇಕೆಂದು ಶೀಲಾ ಹೇಳಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿರುವವಳಿಗೆ ಹತ್ತು ನಿಮಿಷ ಎಲ್ಲಿ ಸಾಲುತ್ತದೆ? ಹಾಜರಿ ಕರೆಯುವುದಕ್ಕೇ ಅಷ್ಟು ಬೇಕು. ಆದರೆ ಧೈರ್ಯದ ಬಗ್ಗೆ ಹೇಳಲು ನಾನು ಯಾರು? ನನ್ನದೇ ಒಂದು ಕಳ್ಳಾಟದಿಂದ ಶುರು ಮಾಡುತ್ತೇನೆ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಧಾರವಾಡಕ್ಕೆ ಹೋಗಿ ಎಂ.ಎ. ಓದಬೇಕೆಂಬ ಆಸೆ ನನ್ನದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗನಿಗೆ ಕೊಡಬೇಕೆಂಬ ಆಸೆ ಅಪ್ಪನದು. ಅಪ್ಪ ಕೇಳಿದಾಗ ನಾನು 'ಹೂಂ' ಅಂದುಬಿಟ್ಟಿದ್ದೆ. ವರ ಒಳ್ಳೆಯವರೇ. ಅವರ ಕಣ್ಣುಗಳು ಬಹಳ ಚೆಂದ ಇದ್ದವು. ಇದನ್ನು ಹೇಳಬೇಕೆಂದಿರಲಿಲ್ಲ, ಬಿಡಿ.

ಆಗ ನಮ್ಮ ಹೊಲದಲ್ಲಿ ಹೈಬ್ರಿಡ್ ಹತ್ತಿಯ ಬೀಜದ ಪ್ಲಾಟು. ಕ್ರಾಸಿಂಗ್ ಕೆಲಸ ನಿಮಗೆ ನಾನು ಕಲಿಸಬೇಕೆ? ಸಂಜೆ ಮೊಗ್ಗು ಬಿಡಿಸಿ, ಉಗುರಿನಿಂದ ಕೇಸರ ತೆಗೆದು, ಕೆಂಪು ಕಾಗದ ಮುಚ್ಚುವುದು. ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಸವರಿ ದಾರ ಕಟ್ಟುವುದು. ಕೇಸರ ಉಳಿದರೆ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಬೀಜ ಕೆಡುತ್ತದೆ. ಮೈಲವ್ವಕ್ಕ ಆ ತಂಡದ ಮುಂದಾಳು. ನನಗೂ ಒಂದು ಸಾಲು ಕೊಟ್ಟಿದ್ದಳು.

ಮೊದಲ ಸಂಜೆ ಕವಿತೆಯೊಂದನ್ನು ಬಾಯಿಪಾಠ ಮಾಡುತ್ತ ಕೇಸರ ತೆಗೆಯುವುದನ್ನೇ ಮರೆತು ಕಾಗದ ಮುಚ್ಚಿದೆ. ಎರಡನೆಯ ಸಂಜೆ, ಹಾಗೆ ಮಾಡಿದರೆ ಬೇಗ ಮುಗಿಯುತ್ತದಲ್ಲ ಅನ್ನಿಸಿತು. ಮೂರನೆಯ ಸಂಜೆಯಿಂದ ರೂಢಿಯಾಯಿತು.

ಸಾಲು ಕಾಯಿಗಳಿಂದ ಜಗ್ಗಿ ನಿಂತಿತು. ಬೀಜದ ಕಂಪನಿಯಿಂದ ತಪಾಸಣೆಗೆ ಬಂದವರು ಇದೇ ಅಧ್ಯಕ್ಷರು.

"ಉಡಚಪ್ಪಗೌಡ್ರ, ನಿಮ್ಮ ಮಗಳ ಕೈಗುಣ ಭಾರಿ ಐತ್ರಿ! ಒಂದೂ ಹೂ ಉದುರಿಲ್ಲ!"

ಅಪ್ಪ ಮೀಸೆ ತಿರುವಿದರು. ಮೈಲವ್ವಕ್ಕ ಮಾತ್ರ ನನ್ನನ್ನು ಬದುವಿಗೆ ಕರೆದಳು.

"ಕೇಸರ ತೆಗೆದ ಹೂ ಹತ್ತಕ್ಕ ಐದಾರ ಉದುರತಾವ. ಒಂದೂ ಉದುರಿಲ್ಲಂದ್ರ ನೀ ಏನ ಮಾಡೀದಿ ತಂಗಿ?"

"ಯಾರ ಮುಂದೂ ಹೇಳಬ್ಯಾಡಕ್ಕಾ."

"ನಾ ಯಾಕ ಹೇಳ್ಲಿ? ನೀನ ಹೇಳು. ಯಾವ ಊರಾಗ ಯಾರು ನಂಬಿ ಬಿತ್ತತಾರೋ ಏನೋ."

ಹೇಳಿದೆ. ಎಲ್ಲರೆದುರು, ಅಪ್ಪನೆದುರು. ಇಡೀ ಪ್ಲಾಟನ್ನೇ ತಳ್ಳಿಹಾಕಬೇಕಾದೀತು ಎಂದು ಕರಬಸಪ್ಪನವರು ಕೂಗಾಡಿದರು. ಈಗ ನಗುತ್ತಿದ್ದಾರೆ ನೋಡಿ, ಅಂದು ನಗಲಿಲ್ಲ. ಕೊನೆಗೆ ನನ್ನ ಸಾಲಿನ ಕಾಯಿಗಳನ್ನಷ್ಟೇ ಕಿತ್ತು ಎಸೆದರು.

ಮನೆಗೆ ಬಂದೆವು. ಹೇಗೂ ಬೈಗುಳ ತಪ್ಪಿದ್ದಲ್ಲ, ಎಲ್ಲವೂ ಇವತ್ತೇ ಆಗಿಹೋಗಲಿ ಎಂದುಕೊಂಡು ಬಾಯಿ ಬಿಟ್ಟೆ.

"ಅಪ್ಪಾ, ಇನ್ನೊಂದು ಸುಳ್ಳೈತಿ. ಬ್ಯಾಡಗೀ ಸಂಬಂಧಕ್ಕ ಹೂಂ ಅಂದದ್ದು. ನಾ ಧಾರವಾಡಕ್ಕ ಹೋಗಾಕಿ."

"ಹತ್ತೀಕಾಯಿ ಕೀಳಿಸಿ ಬಂದಾಕಿ ಈಗ ಲಗ್ನಾನೂ ಕೀಳಾಕ ಹೊಂಟೀಯೇನು?"

ಮರುದಿನ ಬೆಳಿಗ್ಗೆ ಅಪ್ಪ ನೇರ ಹೊಲಕ್ಕೆ ಹೋಗಿ ಮೈಲವ್ವಕ್ಕನ ಮುಂದೆ ನಿಂತರು; ನಾನೂ ಹಿಂದೆಯೇ ಹೋಗಿದ್ದೆ. "ನನ್ನ ಮಗಳಿಗೆ ಏನ ಕಲಿಸೀದಿ ನೀನು? ಲಗ್ನ ಬ್ಯಾಡ, ಧಾರವಾಡಕ್ಕ ಹೋಗಾಕಿ ಅಂತಾಳ!"

ಹೊಲದ ಒಡೆಯನ ಮುಂದೆ ಕೂಲಿಯ ಹೆಣ್ಣುಮಗಳು. ಒಂದು ಮಾತು ಹೆಚ್ಚುಕಡಿಮೆಯಾದರೆ ತಂಡಕ್ಕೇ ಕೆಲಸವಿಲ್ಲ. ಮೈಲವ್ವಕ್ಕ ಹೂವಿನಿಂದ ಕೈ ತೆಗೆಯದೆ ಹೇಳಿದಳು: "ಹೂವಿನ ಕೆಲಸ ಕಲಿಸಿದ್ನಿರಿ ಗೌಡ್ರ. ಆಕಿಗೆ ಹತ್ತಲಿಲ್ಲ. ಧಾರವಾಡಕ್ಕ ಕಳಿಸಿ ನೋಡ್ರಿ, ಅಲ್ಲ್ಯರ ಏನರ ಹತ್ತತೈತೇನೋ!"

ಸಾಲಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ನಗುತ್ತಿದ್ದರೆಂದು ನನಗೆ ಭುಜ ನೋಡಿ ತಿಳಿಯಿತು. ಅದೇ ವಾರ ತಾವೇ ಬ್ಯಾಡಗಿಗೆ ಹೋಗಿ ಸಂಬಂಧ ಬಿಡಿಸಿಕೊಂಡು ಬಂದರು. ಮುಂದಿನ ಜೂನ್‌ನಲ್ಲಿ ನನ್ನ ಟ್ರಂಕು ಹೊತ್ತು ರೈಲು ಹತ್ತಿಸಿದರು.

ಆಮೇಲೆ ನಾನು ಮದುವೆಯಾಗಲಿಲ್ಲ. ಓದಿದೆ, ಓದಿಸಿದೆ, ಬೇಕಾದಲ್ಲಿಗೆ ಒಬ್ಬಳೇ ಹೋಗಿ ಬಂದೆ. ಯಾವುದಕ್ಕಾದರೂ ಅಂಜಿಕೆಯಾದಾಗಲೆಲ್ಲ ಮೈಲವ್ವಕ್ಕ ಅಪ್ಪನೆದುರು ನಿಂತ ರೀತಿ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಕಳೆದ ವಾರ ಆಕೆಯ ಮನೆಗೆ ಹೋದಾಗ ಕೇಳಿದೆ: "ಅವತ್ತು ಅಷ್ಟು ಧೈರ್ಯ ಎಲ್ಲಿಂದ ಬಂತಕ್ಕಾ?"

"ಎಲ್ಲೀ ಧೈರ್ಯ ಯವ್ವಾ! ಅವತ್ತಿಡೀ ರೊಟ್ಟಿ ಗಂಟಲಾಗ ಇಳೀಲಿಲ್ಲ. ಹಿಂದಿನ ದಿನ ನೀ ಅಷ್ಟು ಮಂದಿ ಮುಂದ ಖರೇ ಹೇಳಿದ್ದಿ ನೋಡು, ಈ ಹುಡುಗೀನ ಅಂಜಲಿಲ್ಲ, ನಾ ಯಾಕ ಅಂಜಲಿ ಅಂತ ಅಂದುಬಿಟ್ಟೆ."

ಸಭಿಕರೇ, ನಾನು ಅಂಜಿಲ್ಲವೆಂದು ಆಕೆ ತಿಳಿದಿದ್ದಳು. ಆಕೆ ಅಂಜಿಲ್ಲವೆಂದು ನಂಬಿ ನಾನು ಇಪ್ಪತ್ತಾರು ವರ್ಷ ಬದುಕಿದೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮಗೂ, ಅಂದು ಕೂಗಾಡಿ ಇಂದು ನಕ್ಕ ಅಧ್ಯಕ್ಷರಿಗೂ ಕೃತಜ್ಞತೆಗಳು. ಮೈಲವ್ವಕ್ಕಾ, ನಿನಗೆ ನಮಸ್ಕಾರ.