ಎತ್ತಿನ ಸಾಹುಕಾರ ಚೌಕಾಸಿಗೆ ನಿಂತದ್ದು

ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಯಾವ ಊರಿನವನು ಎಂದು ಮಾತ್ರ ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಅವನ ಬೀಗರಾಗಿಬಿಡುತ್ತೀರಿ. ದನದ ಸಂತೆ ಕೂಡುವ ಯಾವುದೋ ಊರು ಎಂದುಕೊಳ್ಳಿ, ಸಾಕು. ಅವನದು ಎತ್ತಿನ ವ್ಯಾಪಾರ. ಜನ ಅವನನ್ನು ಎತ್ತಿನ ಸಾಹುಕಾರ ಎಂದೇ ಕರೆಯುತ್ತಿದ್ದರು. ಕುಡಿತವಿಲ್ಲ, ಬೀಡಿಯಿಲ್ಲ, ಸೋಮವಾರ ಒಂದೇ ಹೊತ್ತಿನ ಊಟ. ಇಂಥವನಲ್ಲಿ ಏನು ಕುಂದು ಹುಡುಕುತ್ತೀರಿ? ಒಂದಿತ್ತು. ಅವನು ಯಾರನ್ನೂ ನಂಬುತ್ತಿರಲಿಲ್ಲ.

ನೋಡಿ, ಅದು ಹುಟ್ಟುಗುಣವಲ್ಲ, ಕಸುಬು ಕಲಿಸಿದ ಗುಣ. ಎತ್ತಿನ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈಯ ಮೇಲೆ ಟವೆಲ್ ಹೊದಿಸಿಕೊಂಡು, ಅದರಡಿಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದ ಬೆರಳೇ ದರ. ಪಕ್ಕದಲ್ಲಿ ನಿಂತವನಿಗೂ ತಿಳಿಯದು. ಅಲ್ಲಿ ಮೊದಲು ಹಿಡಿದ ಬೆರಳು ಎಂದೂ ಕೊನೆಯ ದರವಲ್ಲ. ಎಂದೂ ಅಲ್ಲ! ಸಾಹುಕಾರನ ವಿದ್ಯೆಯೆಲ್ಲ ಇಷ್ಟೇ: ಮೊದಲ ಬೆರಳಿಗೆ ಮುಖ ತಿರುಗಿಸು, ಎದ್ದು ಹೋಗು, ಚಹಾ ಕುಡಿ, ಸುಮ್ಮನಿರು. ಎದುರಿನವನು ತಾನಾಗಿ ಇಳಿದು ಬರುತ್ತಾನೆ. ಬಾಯಿಬಿಟ್ಟು ಏನಾದರೂ ಕೇಳಿದೆಯೋ, ಸೋತೆ. ಇವನಿಗೆ ಬೇಕಾಗಿದೆ ಎಂಬ ಗುಟ್ಟು ರಟ್ಟಾಯಿತಲ್ಲ!

ಒಮ್ಮೆ ಒಂದು ಖಿಲಾರಿ ಎತ್ತು ಅವನ ಬಲಪಕ್ಕೆಗೆ ಒದ್ದಿತು. ಅವನ ಪುಣ್ಯ ನೋಡಿ, ಆ ಒದೆತ. ಪಕ್ಕೆಲುಬು ಮುರಿದಿದೆಯೇನೋ ಎಂದು ಹೆಂಡತಿ ಅವನನ್ನು ಎಳೆದುಕೊಂಡು ಪಟ್ಟಣದ ಆಸ್ಪತ್ರೆಗೆ ಹೋದಳು. ಸ್ಕ್ಯಾನ್ ಮಾಡಿದರು. ರಕ್ತ ತೆಗೆದರು. ನರಕ್ಕೆ ಬಣ್ಣದ ಔಷಧ ಬಿಟ್ಟು ಇನ್ನೊಂದು ದೊಡ್ಡ ಸ್ಕ್ಯಾನ್ ಮಾಡಿದರು. ಕೊನೆಗೆ ಡಾಕ್ಟರಬಾಯಿ ಕರೆದು ಕೂರಿಸಿದಳು. ನಮ್ಮ ಕಡೆಯವಳೇ, ನಮ್ಮ ಮಾತಿನವಳೇ.

“ಸಾಹುಕಾರ್ರ, ಎಲುಬು ಗಟ್ಟಿ ಅದಾವ್ರಿ. ಆದ್ರ ಲಿವರಿನಾಗ ಒಂದ ಗಂಟು ಕಂಡೈತಿ. ಕ್ಯಾನ್ಸರಿನ ಗಂಟು.”

“ನಾ ಒಂದ ಹನಿ ಕುಡದಾಂವಲ್ಲ.”

“ಕುಡದವರಿಗೆ ಅಷ್ಟ ಬರ್ತೈತಂತ ಯಾರ ಹೇಳ್ಯಾರ? ನಿಮ್ಮ ರಕ್ತದಾಗ ಹೆಪಟೈಟಿಸ್ ಬಿ ಅನ್ನೂ ವೈರಸ್ ಐತಿ. ಬಹುಶಃ ಹುಟ್ಟೂಮುಂದ ತಾಯಿಂದ ಬಂದಿರಬೇಕು. ಅವರಿಗೂ ಗೊತ್ತಿರೂದಿಲ್ಲ, ಪಾಪ. ವರ್ಷಗಟ್ಲೆ ಸದ್ದಿಲ್ದ ಕುಂತು ಲಿವರ್ ಕೆಡಿಸೈತಿ. ನಿಮ್ಮ ಒಡಹುಟ್ಟಿದವರು, ಮನಿಯವರು, ಮಕ್ಕಳು ಎಲ್ಲಾರೂ ರಕ್ತಾ ತೋರಸ್ಬೇಕು. ಮರೀಬ್ಯಾಡ್ರಿ.”

“ಈಗ ನನಗೇನಂತೀರಿ?”

“ಗಂಟು ಒಂದ ಐತಿ, ಸಣ್ಣದೈತಿ. ಉಳಿದ ಲಿವರ್ ಇನ್ನೂ ಕೆಲಸಾ ಮಾಡಾಕತ್ತೈತಿ. ಆಪರೇಷನ್ ಮಾಡಿ ಅಷ್ಟ ಭಾಗ ತಗೀಬಹುದು, ಉಳದದ್ದು ತಿರುಗಿ ಬೆಳೀತೈತಿ. ಇಲ್ಲಾಂದ್ರ ಹೊರಗಿಂದ ಸೂಜಿ ಹಾಕಿ ಗಂಟು ಸುಡಬಹುದು. ಲಿವರ್ ಪೂರಾ ಕೆಟ್ಟವರಿಗೆ ಬ್ಯಾರೆಯವರ ಲಿವರಿನ ಭಾಗ ಹಾಕ್ತಾರ, ನಿಮಗ ಸದ್ಯ ಅದು ಬೇಕಿಲ್ಲ. ನಾವೆಲ್ಲಾ ಡಾಕ್ಟರು ಕೂಡಿ ವಿಚಾರ ಮಾಡೀವಿ, ಆಪರೇಷನ್ನೇ ಛಲೋ. ತಡಾ ಮಾಡಬ್ಯಾಡ್ರಿ.”

ಸಾಹುಕಾರ ಏನು ಮಾಡಿದ? ಮುಖ ತಿರುಗಿಸಿದ. “ವಿಚಾರ ಮಾಡಿ ಹೇಳ್ತೀನ್ರಿ” ಎಂದು ಎದ್ದ. ಹೊರಗೆ ಬಂದು ಚಹಾ ಕುಡಿದ!

ಹೆಂಡತಿ ಅಳುತ್ತಿದ್ದಳು. ಅವನು ಮೀಸೆಯಡಿ ನಗುತ್ತಿದ್ದ.

“ಕೊಯ್ದ್ರ ತಿರುಗಿ ಬೆಳೀತೈತಂತ! ಎತ್ತಿನ ಕೋಡು ಕೊಯ್ದ ನೋಡು, ಬೆಳೀತೈತೇನು? ತುಣುಕ ತಗದು ಸೈತ ನೋಡಿಲ್ಲ, ಬರೇ ಫೋಟೊ ನೋಡಿ ಕ್ಯಾನ್ಸರ್ ಅಂತಾಳ. ಬಾಯಿ ತಗಸದ, ಹಲ್ಲು ನೋಡದ ಎತ್ತಿನ ವಯಸ್ಸು ಹೇಳಿದಂಗಾತು.”

“ಅದನ್ನ ಅಕಿನ್ನ ಕೇಳಬೇಕಿತ್ತಲ್ರೀ?”

“ಹುಚ್ಚಿ, ಕೇಳಿದ್ರ ಅಕಿ ಇನ್ನಷ್ಟು ಬಿಗೀತಾಳ. ಮೊದಲನೇ ಮಾತಿಗೆ ದೊಡ್ಡದ ಹೇಳೂದು ಎಲ್ಲಾರ ಪದ್ಧತಿ. ತಡಿ, ಇಳೀತಾಳ.”

ಕೇಳಿದ್ದರೆ ಆಕೆ ಹೇಳುತ್ತಿದ್ದಳು. ಮೊದಲೇ ಕೆಟ್ಟ ಲಿವರಿನಲ್ಲಿ ಇಂಥ ಗಂಟಿದ್ದರೆ, ಬಣ್ಣದ ಔಷಧ ಅದರೊಳಗೆ ಹೇಗೆ ನುಗ್ಗುತ್ತದೆ, ಹೇಗೆ ಹೊರಬರುತ್ತದೆ ಎಂಬುದನ್ನು ನೋಡಿಯೇ ಎಷ್ಟೋ ಸಲ ಕ್ಯಾನ್ಸರ್ ಎಂದು ಖಚಿತವಾಗುತ್ತದೆ, ತುಣುಕು ತೆಗೆಯಲೇಬೇಕೆಂದಿಲ್ಲ ಎಂದು. ಲಿವರ್ ಬೆಳೆಯುವುದೂ ನಿಜ, ಕೋಡಿಗೂ ಅದಕ್ಕೂ ಹೋಲಿಕೆಯಿಲ್ಲ ಎಂದು. ಆದರೆ ಕೇಳಬೇಕಲ್ಲ?

ಹೆಂಡತಿಗೆ ಅವನು ಇನ್ನೂ ಒಂದು ಕಟ್ಟಪ್ಪಣೆ ಮಾಡಿದ. “ಯಾರ ಮುಂದೂ ಉಸರ ಬಿಡಬ್ಯಾಡ. ಲಿವರ್ ಅಂದಕೂಡ್ಲೆ ಮಂದಿ ಏನಂತಾರ? ಸಾಹುಕಾರ ಕದ್ದು ಕುಡೀತಾನ ಅಂತಾರ. ತಮ್ಮಗಂತೂ ಬ್ಯಾಡೇ ಬ್ಯಾಡ. ನಾ ಸಾಯ್ತೀನಂತ ಗೊತ್ತಾದ್ರ ಹೊಲದ ಪಾಲಿನ ಮಾತು ತಗೀತಾನ.”

ತಮ್ಮ ಎಂದರೆ ಒಡಹುಟ್ಟಿದ ತಮ್ಮ. ಒಂದೇ ತಾಯಿಯ ಹೊಟ್ಟೆಯವನು. ಅಣ್ಣನ ಜೊತೆಯೇ ಸಂತೆಗೆ ಹೋಗುವವನು. ರಕ್ತ ತೋರಿಸಬೇಕು ಎಂದು ಡಾಕ್ಟರಬಾಯಿ ಮೊದಲು ಹೇಳಿದ್ದು ಯಾರ ಸಲುವಾಗಿ? ಆ ತಮ್ಮನ ಸಲುವಾಗಿ. ಆ ಮಾತು ಸಾಹುಕಾರನ ಗಂಟಲಲ್ಲೇ ನಿಂತಿತು.

ಬಿತ್ತನೆ ಬಂತು, ಹೋಯಿತು. ಸಾಹುಕಾರ ಬೇರು ಅರೆದು ಕೊಡುವ ಒಬ್ಬನ ಹತ್ತಿರ ಹೋಗತೊಡಗಿದ. ಅಲ್ಲ, ಯಾರನ್ನೂ ನಂಬದವನು ಅವನನ್ನು ಹೇಗೆ ನಂಬಿದ? ವಿಚಾರ ಮಾಡಿ. ಅವನು ಮೊದಲ ಮಾತಿಗೇ ಅಗ್ಗದ ಬೆರಳು ಹಿಡಿದಿದ್ದ. “ಕೊಯ್ಯೂದು ಬ್ಯಾಡ, ಚುಚ್ಚೂದು ಬ್ಯಾಡ” ಎಂದಿದ್ದ. ನಮಗೆ ಬೇಕಾದದ್ದನ್ನೇ ಹೇಳುವವನ ಮೇಲೆ ನಮಗೆ ಅನುಮಾನವೇ ಬರುವುದಿಲ್ಲ, ಅಲ್ಲವೇ?

ಹೆಂಡತಿಯ ಕಾಟ ತಾಳಲಾರದೆ ಮತ್ತೆ ಆಸ್ಪತ್ರೆಗೆ ಹೋದ. ಡಾಕ್ಟರಬಾಯಿ ಹಳೆಯ ಸ್ಕ್ಯಾನಿನ ಪಕ್ಕ ಹೊಸದನ್ನು ಹಿಡಿದು ನೋಡಿದಳು.

“ಸಾಹುಕಾರ್ರ, ಗಂಟು ದೊಡ್ಡದಾಗೈತಿ, ಅದರ ಸುತ್ತ ಮತ್ತಷ್ಟು ಎದ್ದಾವ. ಈಗ ಕೊಯ್ಯಾಕ ಬರೂದಿಲ್ಲ. ಸೂಜಿನೂ ಸಾಲೂದಿಲ್ಲ. ತೊಡಿಯೊಳಗಿನ ರಕ್ತನಾಳದಿಂದ ಸಣ್ಣ ನಳಿಗಿ ಒಯ್ದು, ಗಂಟಿಗೇ ಔಷಧ ಬಿಟ್ಟು, ಅದಕ್ಕ ರಕ್ತ ಹೋಗೂ ದಾರಿ ಮುಚ್ಚತೀವಿ. ಪೂರಾ ಹೋಗೂದಿಲ್ಲ, ತಡದ ಹಿಡೀಬಹುದು.”

ಅವನ ಮುಖ ಅರಳಿತು! ಹೊರಗೆ ಬಂದವನೇ ಹೆಂಡತಿಯ ಬೆನ್ನು ತಟ್ಟಿದ. “ಕಂಡ್ಯಾ? ಇಳದ್ಲು! ಚಾಕು ಬಿಟ್ಟು ನಳಿಗಿಗೆ ಬಂದಾಳ. ಇನ್ನೊಂದ ನಾಕ ದಿನಾ ತಡಿ.”

ನಗಬೇಡಿ. ಆ ಕಂಬದ ಹತ್ತಿರ ಕೂತವರು ನಗುತ್ತಿದ್ದೀರಿ. ಸ್ವಲ್ಪ ತಾಳಿ.

ಮುಂದೆ ಅವನ ಹೊಟ್ಟೆ ಉಬ್ಬಿತು. ಕಾಲು ಬಾತವು. ತಮ್ಮ ಒಂದು ದಿನ ಸಂತೆಯಲ್ಲಿ ಅವನ ಮುಖ ನೋಡಿ ಗಾಬರಿಯಾದ. “ಅಣ್ಣಾ, ಕಣ್ಣು ಅರಿಷಿಣಾ ಆಗ್ಯಾವಲ್ಲೋ!” ಎಂದವನು ಅಣ್ಣನ ಬೈಗುಳಕ್ಕೂ ಬಗ್ಗದೆ ಜೀಪಿಗೆ ಹತ್ತಿಸಿದ.

ಡಾಕ್ಟರಬಾಯಿ ಎಲ್ಲವನ್ನೂ ನೋಡಿ ಹೇಳಿದಳು. “ಕ್ಯಾನ್ಸರ್ ಲಿವರಿನ ದೊಡ್ಡ ರಕ್ತನಾಳಕ್ಕ ಇಳದೈತಿ. ಈಗ ನಳಿಗಿನೂ ಆಗೂದಿಲ್ಲ. ಗುಳಿಗಿ ಅದಾವ, ನರಕ್ಕ ಕೊಡೂ ಔಷಧನೂ ಅದಾವ. ನಿಮ್ಮ ಲಿವರ್ ತಾಳಿದ್ರ ಕೊಡತೀನಿ. ತಾಳದಿದ್ರ ನೋವು, ಬಾವು ಕಡಿಮಿ ಮಾಡಿ ನಿಮ್ಮನ್ನ ಆರಾಮ ಇಡತೀನಿ.”

ಸಾಹುಕಾರ ತಮ್ಮನ ಕಡೆ ನೋಡಿದ. ಬತ್ತಿದ ಮುಖದಲ್ಲೂ ಗೆದ್ದವನ ನಗು. “ನೋಡೋ ತಮ್ಮಾ. ಚಾಕುದಿಂದ ಗುಳಿಗಿಗೆ ಇಳಿಸೀನಿ.”

ಕೋಣೆಯಲ್ಲಿ ಯಾರೂ ನಗಲಿಲ್ಲ.

“ನಾ ಇಳದಿಲ್ರೀ, ಸಾಹುಕಾರ್ರ,” ಎಂದಳು ಆಕೆ, ಮೆಲ್ಲಗೆ. “ಮೊದಲನೇ ದಿನಾ ಹೇಳಿದ್ದು ನಿಮಗ ಇದ್ದ ಎಲ್ಲಾದರಾಗ ಛಲೋದು. ಅದು ಕೈಬಿಟ್ಟ ಮ್ಯಾಲೆ ಅದಕ್ಕಿಂತ ಕಡಿಮಿದು ಉಳೀತು. ಅದೂ ಹೋತು. ಈಗ ಉಳದದ್ದು ಇಷ್ಟ.”

ಆಮೇಲೆ ತಮ್ಮನ ಕಡೆ ತಿರುಗಿದಳು. “ನೀವು ಒಡಹುಟ್ಟಿದವರೇನು? ರಕ್ತಾ ತೋರಿಸೀರಿಲ್ಲೋ?”

“ಯಾವ ರಕ್ತಾರೀ?”

ಅಣ್ಣ ತಲೆ ತಗ್ಗಿಸಿದ. ಡಾಕ್ಟರಬಾಯಿ ವೈರಸ್ಸಿನ ಸಂಗತಿ ಬಿಡಿಸಿ ಹೇಳಿದಳು. ಅಣ್ಣ ತನ್ನಿಂದ ಮುಚ್ಚಿಟ್ಟದ್ದೇನು ಎಂದು ತಮ್ಮನಿಗೆ ಆಗ ಅರ್ಥವಾಯಿತು. ಅವನನ್ನು ಅಲ್ಲೇ ತಪಾಸಣೆ ಮಾಡಿದರು. ಅದೇ ವೈರಸ್. ಸ್ಕ್ಯಾನಿನಲ್ಲಿ ಸಣ್ಣದೊಂದು ಗಂಟು. ಒಂದೇ, ಸಣ್ಣದು. ಡಾಕ್ಟರಬಾಯಿ ಅಂದು ಅಣ್ಣನಿಗೆ ಹೇಳಿದ್ದನ್ನೇ ಇಂದು ತಮ್ಮನಿಗೂ ಹೇಳಿದಳು, ಆಪರೇಷನ್ ಎಂದು.

ತಮ್ಮ ಏನೆಂದ? ಅವನೂ ಅದೇ ಸಂತೆಯವನು. “ವಿಚಾರ ಮಾಡಿ ಹೇಳ್ತೀನ್ರಿ” ಎಂದು ಎದ್ದ. ಬಾಗಿಲಲ್ಲಿ ಅಣ್ಣನ ಕಿವಿಗೆ ಬಗ್ಗಿ, “ಒಂದ ಗಿರಾಕಿ ಕೈಬಿಟ್ತು ಅಂತ ನನ್ನ ಬೆನ್ನ ಹತ್ಯಾಳ. ನನಗೇನೂ ನೋವಿಲ್ಲ, ನಾನ್ಯಾಕ ಕೊಯ್ಸಿಕೊಳ್ಳಲಿ? ನೀನರೇ ನನಗ ಖರೇ ಹೇಳಿದ್ಯೇನು? ಇನ್ನ ಯಾರನ್ನ ನಂಬ್ಲಿ?” ಎಂದ.

ಸಾಹುಕಾರ ಅವನ ರಟ್ಟೆ ಹಿಡಿದು ನಿಲ್ಲಿಸಿದ. “ನನ್ನ ನಂಬಬ್ಯಾಡ. ನಾ ನಂಬಾಕ ಲಾಯಕ್ಕಿಲ್ಲ. ನನ್ನ ಹೊಟ್ಟಿ ನೋಡು. ನನಗೂ ಆವಾಗ ನೋವಿದ್ದಿಲ್ಲ.” ಹಾಗೆಂದು ಡಾಕ್ಟರಬಾಯಿಯ ಕಡೆ ತಿರುಗಿ, ಎಂದೂ ಬಾಯಿಬಿಟ್ಟು ಕೇಳದವನು ಕೇಳಿದ: “ಅವ್ವಾ, ಇಂವ ಒಲ್ಲೆ ಅಂದ್ರ ಏನಾಗ್ತೈತಿ?”

“ಬೆಳೀತೈತಿ. ನಿಮಗ ಬೆಳದಂಗ.”

“ಮಾಡಿಸ್ಕೊಂಡ್ರ ಬದುಕ್ತಾನೇನು?”

“ಬರದು ಕೊಡಾಕ ನನ್ನ ಕಡೆ ಆಗೂದಿಲ್ಲ. ತಿರುಗಿ ಬರಬಹುದು. ಅದಕ್ಕ ವೈರಸ್ಸಿಗೆ ಗುಳಿಗಿ ತಪ್ಪಸಂಗಿಲ್ಲ, ಆಗಾಗ ಸ್ಕ್ಯಾನ್ ತಪ್ಪಸಂಗಿಲ್ಲ. ಆದ್ರ ಪೂರಾ ಗುಣಾ ಆಗೂ ಆಸೆ ಇರೂದು ಈಗ, ಇಷ್ಟ ಸಣ್ಣದಿದ್ದಾಗ.”

ಸಾಹುಕಾರ ತಮ್ಮನನ್ನು ಕುರ್ಚಿಯ ಮೇಲೆ ಒತ್ತಿ ಕೂರಿಸಿದ. “ಏನೇನ ಅನುಮಾನ ಐತಿ, ಎಲ್ಲಾ ಇಲ್ಲೇ ಕೇಳು. ಕೇಳಿ ಮುಗಿಸೂತನಾ ಏಳಬ್ಯಾಡ.” ತಮ್ಮ ಕೇಳಿದ. ಒರಟಾಗಿ ಕೇಳಿದ, ಜಗಳವಾಡಿದಂತೆ ಕೇಳಿದ. ಆಕೆ ಸಿಟ್ಟಾಗದೆ ಒಂದೊಂದಕ್ಕೂ ಉತ್ತರ ಕೊಟ್ಟಳು. ತಮ್ಮ ಆಪರೇಷನ್‌ಗೆ ಒಪ್ಪಿದ.

ಆ ವರ್ಷದ ಜೋಳ ಕಟಾವಿಗೆ ಬರುವ ಮೊದಲೇ ಸಾಹುಕಾರ ಹೋಗಿಬಿಟ್ಟ. ತಮ್ಮ ಇಂದಿಗೂ ಸಂತೆಗೆ ಹೋಗುತ್ತಾನೆ. ಸ್ಕ್ಯಾನಿಗೂ ಹೋಗುತ್ತಾನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಸಾಹುಕಾರ ಮೂರ್ಖ ಎಂದುಕೊಂಡು ಎದ್ದು ಹೋಗಬೇಕೆಂದಿದ್ದೀರಿ. ಕೂತುಕೊಳ್ಳಿ. ನಿಮ್ಮಲ್ಲಿ ಒಬ್ಬರು, ಈ ಕಥೆ ಹೇಳುವವರು ಯಾವ ಆಸ್ಪತ್ರೆಯ ಕಡೆಯವರೋ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದೂ ನನಗೆ ಕಾಣಿಸಿತು. ಹೇಳಿ, ತಪ್ಪಿಲ್ಲ. ಅನುಮಾನ ಪಾಪವಲ್ಲ. ಮೋಸ ಮಾಡುವವರು ಲೋಕದಲ್ಲಿದ್ದಾರೆ. ಆದರೆ ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗಬೇಡಿ. ಡಾಕ್ಟರ ಎದುರಿನಲ್ಲೇ ಅದನ್ನು ಪ್ರಶ್ನೆಯಾಗಿ ಕೇಳಿ. ಯಾವ ಯಾವ ಚಿಕಿತ್ಸೆ ಇದೆ? ನನಗೆ ಇದೇ ಏಕೆ? ತಡ ಮಾಡಿದರೆ ಏನು ಕೈತಪ್ಪುತ್ತದೆ? ಸಮಾಧಾನವಾಗದಿದ್ದರೆ ಅದೇ ಸ್ಕ್ಯಾನ್ ಹಿಡಿದು ಇನ್ನೊಬ್ಬ ಡಾಕ್ಟರ ಬಳಿಗೆ ಹೋಗಿ. ಆ ವಾರದಲ್ಲೇ ಹೋಗಿ, ಸುಗ್ಗಿ ಮುಗಿಯಲಿ ಎನ್ನಬೇಡಿ.

ನೋವಿಲ್ಲ ಎಂಬುದನ್ನು ನಂಬಬೇಡಿ. ಅನುಮಾನ ಪಡುವುದಿದ್ದರೆ ಅದರ ಮೇಲೆ ಪಡಿ. ಹೆಪಟೈಟಿಸ್ ಬಿ, ಸಿ ಎರಡಕ್ಕೂ ಒಮ್ಮೆ ರಕ್ತ ತೋರಿಸಿ. ವೈರಸ್ ಇದೆ ಎಂದರೆ, ಮೈ ಕಲ್ಲಿನಂತಿದ್ದರೂ, ಎಷ್ಟು ದಿನಕ್ಕೊಮ್ಮೆ ಸ್ಕ್ಯಾನ್ ಎಂದು ಕೇಳಿ, ಹಾಗೆಯೇ ಮಾಡಿ. ಮೊಮ್ಮಗು ಹುಟ್ಟಿದರೆ ಬೆಲ್ಲ ಹಂಚುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿದರೇ ಎಂದು ವಿಚಾರಿಸಿ. ಒಬ್ಬರ ಬ್ಲೇಡು ಇನ್ನೊಬ್ಬರಿಗೆ ಬೇಡ. ಆದರೆ ವೈರಸ್ ಇದ್ದವರ ತಟ್ಟೆ ಲೋಟ ಬೇರೆ ಇಡಬೇಡಿ. ಜೊತೆಗೆ ಉಂಡರೆ ಅದು ಹರಡುವುದಿಲ್ಲ. ಕುಡಿಯುವವರೇ, ನಿಮಗೆ ಬೇರೆ ಹೇಳಬೇಕೇ? ಕುಡಿತ ಬಿಡಿ.

ಇನ್ನೊಂದು ಮಾತಿದೆ, ಇದು ಎಲ್ಲಕ್ಕಿಂತ ಕಹಿ. ಆ ಸಾಹುಕಾರ ಬಾಯಿ ಮುಚ್ಚಿಕೊಂಡದ್ದು ಯಾರಿಗೆ ಹೆದರಿ? ನಿಮಗೆ ಹೆದರಿ. ಲಿವರ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ “ಕುಡುಕ ಇರಬೇಕು” ಎಂದು ನಗುತ್ತೀರಲ್ಲ, ಆ ನಗುವಿಗೆ ಹೆದರಿ. ಆ ನಗು ಒಬ್ಬ ತಮ್ಮನನ್ನು ಸಾವಿನ ಬಾಗಿಲವರೆಗೆ ಒಯ್ದಿತ್ತು. ಇನ್ನು ಮುಂದೆ ಯಾರಾದರೂ ಆ ಕಾಯಿಲೆಯ ಹೆಸರು ಹೇಳಿದರೆ, ಕುಡಿತದ ಮಾತು ತೆಗೆಯಬೇಡಿ. “ಆಸ್ಪತ್ರಿಗೆ ಯಾವಾಗ ಹೋಗೂದು, ನಾನೂ ಬರ್ತೀನಿ” ಎನ್ನಿ.

ಮತ್ತು ನಿಮ್ಮಲ್ಲಿ ಯಾರ ರಕ್ತದಲ್ಲಿ ಈಗಾಗಲೇ ಈ ವೈರಸ್ ಸಿಕ್ಕಿದೆಯೋ, ಒಬ್ಬರಾದರೂ ಇಲ್ಲಿ ಕೂತಿದ್ದೀರಿ ಎಂದು ನನ್ನ ಮನಸ್ಸು ಹೇಳುತ್ತದೆ, ಕೈ ಎತ್ತಬೇಡಿ. ಇಂದು ಮನೆಗೆ ಹೋಗಿ ಅಣ್ಣನಿಗೆ, ತಂಗಿಗೆ ಫೋನ್ ಮಾಡಿ. ಪಾಲಿನ ಜಗಳವಿರಬಹುದು. ಎಷ್ಟೋ ವರ್ಷದಿಂದ ಮಾತು ಬಿಟ್ಟಿರಬಹುದು. ಇರಲಿ. ಫೋನ್ ಎತ್ತಿದ ಕೂಡಲೇ ಹೇಳಿ: ನನಗಿದು ಬಂದಿದೆ, ನಾವು ಒಂದೇ ತಾಯಿಯ ಮಕ್ಕಳು, ನಾಳೆಯೇ ಹೋಗಿ ರಕ್ತ ತೋರಿಸು. ಇಷ್ಟು ಹೇಳಿದ ಮೇಲೆ, ಬೇಕಾದರೆ ಮತ್ತೆ ಮಾತು ಬಿಡಿ.