ಕೆಂಪು ಸುತ್ತು ಹಾಕಿದ ಕೈಗಳು

ಹಲೋ… ಹಲೋ, ಯಾರು ಮಾತಾಡೋದು?… ಮೋನಿಕಾನಾ? ನಾನು ಕಣಮ್ಮ, ಯಲಹಂಕದಿಂದ ಯಶು ಮಾಮ… ಹಾಂ, ಇದು ಆಫೀಸಲ್ಲಿ ಕೊಟ್ಟಿರೋ ನಂಬರು. ನನ್ ನಂಬರಿಂದ ಮಾಡಿದ್ರೆ ನಿಮ್ಮಮ್ಮ ಎತ್ತಲ್ಲ. ಇದಾಳಾ?…

ಇದಾಳೆ ಅಂತ ಗೊತ್ತು ಕಣೆ, ಹೊಲಿಗೆ ಮಷೀನ್ ಸದ್ದು ಕೇಳಿಸ್ತಿದೆ… ಕೆಲಸ ಇದೆ ಅಂತ ಅವಳೇ ಹೇಳ್ಸಿದ್ಲಾ?… ಐದು ನಿಮಿಷ ಅಂತ ಹೇಳು. ಅಜ್ಜಿ ವಿಷಯ ಅಂತ ಹೇಳು…

ಅಕ್ಕ… ನಾನು, ಯಶವಂತ… ಊಟ ಆಯ್ತಾ?… ನಂದೂ ಆಯ್ತು… ಇಲ್ಲ, ಆಗಿಲ್ಲ, ಸುಮ್ನೆ ಬಾಯಿಗೆ ಬಂತು…

ಮನೇಲಿ ಎಲ್ರೂ ಚೆನ್ನಾಗಿದಾರೆ. ಅದಲ್ಲ… ವರ್ಷದ ತಿಥಿಗೆ ಇನ್ನೂ ಏಳು ತಿಂಗಳಿದೆಯಲ್ಲ, ಅದೂ ಅಲ್ಲ. ದೊಡ್ಡಮ್ಮನ ಒಂದು ಫೋಟೋ ದೊಡ್ಡದು ಮಾಡಿಸ್ಕೊಡು, ಗೋಡೆಗೆ ಹಾಕ್ಬೇಕು ಅಂತ ನೀನು ಅಂದಿದ್ದೆ ಅಲ್ವಾ, ಹನ್ನೊಂದರ ದಿನ? ನಾನು ಐದು ತಿಂಗಳು ತಳ್ಳಿಬಿಟ್ಟೆ. ಭಾನುವಾರ ಕೂತ್ಕೊಂಡು ನನ್ ಮದುವೆ ಸಿ.ಡಿ. ಹುಡುಕ್ದೆ…

ಮುಖ ಸರಿಯಾಗಿರೋದು ಎರಡು ಸಿಕ್ತು. ಆಮೇಲೆ ಧಾರೆ ಫೋಟೋ ಬಂತು. ನನ್ ಕೈ ಮೇಲೆ ದೊಡ್ಡಮ್ಮ ಹಾಲು ಬಿಡ್ತಿರೋದು. ಫೋಟೋ ತೆಗೆಯೋನು ಮುಖಾನೇ ಬಿಟ್ಟು ಬರೀ ಕೈ ಹಿಡಿದಿದಾನೆ. ಬಲಗೈ ಮೇಲೆ ತುಳಸಿಕಟ್ಟೆ ಹಚ್ಚೆ. ಕಿರುಬೆರಳು ಒಳಕ್ಕೆ ಬಾಗಿರೋದು. ಬೆರಳ ತುದಿ ಎಲ್ಲಾ ಕರೀ ಬಣ್ಣ…

ಆ ಕೈ ನಾನು ಬೇರೆ ಕಡೆ ನೋಡಿದ್ದೆ ಅಕ್ಕ…

ಅಕ್ಕ, ತರ್ಕಕಟ್ಟೆ ಅಂತ ಒಂದು ಗ್ರೂಪಿದೆಯಲ್ಲ ಇಂಟರ್ನೆಟ್ಟಲ್ಲಿ, ಅದ್ರಲ್ಲಿ ಕೆರೆಕೋಡಿ ಅಂತ ಹೆಸರಿಟ್ಕೊಂಡು ಬರೀತಿದ್ದಿದ್ದು ನೀನಾ?…

ಕೇಳಿಸ್ಲಿಲ್ಲ… ಹೂಂ ಅಂದ್ಯಾ?…

ನಾನು ಯಾರೋ ಗಂಡಸು ಅಂದ್ಕೊಂಡಿದ್ದೆ. ಯಾರೋ ರಿಟೈರಾದ ಮೇಷ್ಟ್ರು, ಬೇರೆ ಕೆಲಸ ಇಲ್ಲ, ಸರ್ಕಾರದ ಮೇಲೆ ಕೋಪ ಅಂತ. ಅಲ್ಲಿ ‘ಲೆವೆಲ್ ಹತ್ತು’ ಅಂತ ಒಬ್ಬ ಇದ್ನಲ್ಲ, ನಿನ್ ಜೊತೆ ಜಗಳ ಆಡಿದೋನು. ಅದು… ಗೊತ್ತಾ?… ಯಾವಾಗಿಂದ?…

ಮೊದಲಿಂದಾನಾ?…

ಗೌರಿ ಹಬ್ಬಕ್ಕೆ ಬಂದಾಗ ನಾನೇ ತೋರ್ಸಿದ್ನಾ?… ಹಾಂ. ಹಾಂ, ನೆನಪಾಯ್ತು. ಮಕ್ಕಳು ಫೋನಲ್ಲಿ ಆಡೋ ಗೇಮು ಬ್ಯಾನ್ ಮಾಡ್ಬೇಕಾ ಬೇಡ್ವಾ ಅಂತ ವಾದ ನಡೀತಿತ್ತು. ಒಬ್ಬನನ್ನ ಬಾಯಿ ಮುಚ್ಚಿಸಿದ್ದೆ. ದೊಡ್ಡಮ್ಮಂಗೆ ತೋರಿಸ್ದೆ, ನೋಡು, ಹನ್ನೊಂದು ಸಾವಿರ ಜನ ನಾನು ಬರೆದಿದ್ದು ಓದ್ತಾರೆ ಅಂತ. ನೀನೂ ಪಕ್ಕದಲ್ಲೇ ಕೂತು ಹೂವ ಕಟ್ತಿದ್ದೆ…

ಅಂದ್ರೆ ರೇಷನ್ ಅಂಗಡೀಲಿ ಮಷೀನು ಒಬ್ಬ ಅಜ್ಜಿ ಬೆರಳು ಗುರುತು ಹಿಡೀಲಿಲ್ಲ ಅಂತ ಬರೆದಾಗ, ಎದುರುಗಡೆ ಇರೋದು ನಾನು ಅಂತ ಗೊತ್ತಿದ್ದೇ ಬರೆದ್ಯಾ?…

ಅಕ್ಕ, ಇಡಬೇಡ. ಒಂದ್ನಿಮಿಷ. ನಾನು ಬರೆದಿದ್ದನ್ನ ನನ್ ಬಾಯಲ್ಲಿ ಒಂದ್ಸಲ ಓದ್ತೀನಿ… ನಿಂಗೆ ಬಾಯಿಪಾಠ ಇರ್ಬಹುದು. ಆದ್ರೂ ಕೇಳು. ‘ಮಾನ್ಯ ಕೆರೆಕೋಡಿಯವರೇ, ಯಂತ್ರಕ್ಕೆ ಜಾತಿಯಿಲ್ಲ, ಪಕ್ಷವಿಲ್ಲ. ಅದು ಒಂದು ಬೆರಳನ್ನು ಗುರುತಿಸಲಿಲ್ಲ ಎಂದರೆ ಆ ಬೆರಳಿನವರನ್ನು ಪ್ರಶ್ನಿಸಬೇಕೇ ಹೊರತು ಯಂತ್ರವನ್ನಲ್ಲ. ನೀವು ಹೇಳುವಂಥ ಅಜ್ಜಿ ನಿಜವಾಗಿಯೂ ಇದ್ದರೆ ಅವರ ಕೈಗಳ ಫೋಟೋ ಹಾಕಿ. ಇಲ್ಲದಿದ್ದರೆ ಕಥೆ ಕಟ್ಟುವುದನ್ನು ನಿಲ್ಲಿಸಿ.’ ನಾನೂರು ಲೈಕ್ ಬಂತು ಅದಕ್ಕೆ. ಒಂದು ಗಂಟೇಲಿ ನೀನು ಫೋಟೋ ಹಾಕ್ದೆ…

ಮೊರದ ಮೇಲೆ ಎರಡು ಕೈ. ಅಷ್ಟೇ, ಬೇರೇನೂ ಬರೆದಿರ್ಲಿಲ್ಲ ನೀನು…

ಅವತ್ತೂ ಭಾನುವಾರಾನೇ, ಇಡೀ ದಿನ ಅದರ ಮುಂದೆ ಕೂತಿದ್ದೆ ಅಕ್ಕ. ಊಟಕ್ಕೆ ಕರೆದ್ರೂ ಏಳ್ಲಿಲ್ಲ. ಕಂಪ್ಯೂಟರಲ್ಲಿ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಕೆಂಪು ಬಣ್ಣದಲ್ಲಿ ಒಂದೊಂದೇ ಸುತ್ತು ಹಾಕ್ತಾ ಹೋದೆ. ‘ಒಂದು, ಅಂಗೈಯ ಬಣ್ಣ ತೋಳಿನ ಬಣ್ಣಕ್ಕೆ ಹೊಂದುವುದಿಲ್ಲ. ಎರಡು, ಹಚ್ಚೆಯ ವಿನ್ಯಾಸ ನಮ್ಮ ಭಾಗದ್ದಲ್ಲ. ಮೂರು, ಕಿರುಬೆರಳಿನ ಕೋನ ಅಸಹಜವಾಗಿದೆ.’ ಹೀಗೆ ಒಂಬತ್ತು. ಎಲ್ಲೋ ಬೇರೆ ರಾಜ್ಯದ ಚಿತ್ರ ತಂದು ತಿದ್ದಿದ್ದಾರೆ ಅಂತ ತೀರ್ಪು ಕೊಟ್ಟೆ…

ಬಣ್ಣ ಹೊಂದಲ್ವಂತೆ. ಮೂವತ್ತು ವರ್ಷ ಇದ್ದಿಲಿನ ಹಿಟ್ಟಲ್ಲಿ ಊದುಬತ್ತಿ ಹೊಸೆದ ಕೈ ಅದು. ಅಮ್ಮ ಹೋದ್ಮೇಲೆ ಆರು ವರ್ಷದೋನು ನಾನು, ಆ ಕೈಯಿಂದಾನೇ ಅನ್ನ ತಿಂದಿದ್ದು. ಅನ್ನಕ್ಕೂ ಒಂಚೂರು ಗಂಧದ ವಾಸನೆ ಇರ್ತಿತ್ತು. ಅದನ್ನ ನೋಡಿ ನಾನು ‘ಕೋನ’ ಅಂತ ಬರೆದಿದೀನಿ…

ಹೌದು, ಆಮೇಲೆ ನಿನ್ನನ್ನ ಗ್ರೂಪಿಂದ ತೆಗೆದ್ರು. ನಾನೇ ಹೇಳಿ ತೆಗೆಸಿದ್ದು. ಸುಳ್ಳು ಚಿತ್ರ ಹಾಕೋರಿಗೆ ಇಲ್ಲಿ ಜಾಗ ಇಲ್ಲ ಅಂತ…

ಅಕ್ಕ, ಅಂಗಡೀಲಿ ನಿಜವಾಗ್ಲೂ ಏನಾಯ್ತು? ಈಗ ಹೇಳು. ಈಗ ಕೇಳ್ತೀನಿ…

ಐದ್ಸಲ ಹೋಗಿತ್ತಾ?… ಬಿಸಿಲಲ್ಲಿ ನಡ್ಕೊಂಡೇ?… ಪ್ರತಿ ಸಲಾನೂ ಹತ್ತೂ ಬೆರಳು ಇಡ್ಸಿದ್ರಾ?… ನಿಂಬೆಹಣ್ಣು ಯಾಕೆ?… ಓ. ರೇಖೆ ಮೂಡುತ್ತೆ ಅಂತ ಯಾರೋ ಹೇಳಿದ್ರು ಅಂತ. ಮೂರು ದಿನ ಉಜ್ಕೊಂಡಿತ್ತಾ… ಸಿಪ್ಪೆ ಸುಲಿದು ಉರಿ ಬಂದು… ಆ ಕೈಯಲ್ಲೇ ಮತ್ತೆ ಕ್ಯೂ ನಿಂತ್ಕೊಂಡಿತ್ತಾ…

ಹಾಂ… ಎಲ್ರ ಮುಂದೆ?… ‘ನೀನು ದೊಡ್ಡಮುನಿಯಮ್ಮ ಅಲ್ಲ ಅಂತಿದೆ ಕಣಮ್ಮ ಮಷೀನು’ ಅಂತ ನಕ್ರಾ?… ದೊಡ್ಡಮ್ಮ ಏನಂತು?… ಚೀಲ ಮಡಚ್ಕೊಂಡು ಬಂದ್ಬಿಡ್ತಾ…

ಅಕ್ಕಿ ನೀನು ಬೇರೆ ಅಂಗಡಿಯಿಂದ ತಂದ್ಯಾ. ಹೊಟ್ಟೆಗೆ ತೊಂದ್ರೆ ಆಗ್ಲಿಲ್ಲ… ಅಕ್ಕಿ ವಿಷಯ ಅಲ್ಲ ಅಂತೀಯ. ಅರ್ಥ ಆಯ್ತು. ಶೆಟ್ಟಿಹಳ್ಳೀಲಿ ಹುಟ್ಟಿ ಶೆಟ್ಟಿಹಳ್ಳೀಲೇ ಬಾಳಿದ್ದು. ಅಲ್ಲಿ ಯಾವ ಮನೆ ಬಾಗಿಲಲ್ಲಿ ನಿಂತ್ರೂ ಹೆಸರು ಹಿಡಿದು ಕರೆಯೋರಿದ್ರು…

ನಂಗ್ಯಾಕೆ ಒಂದು ಫೋನ್ ಮಾಡ್ಲಿಲ್ಲ ಅಕ್ಕ? ನೇರವಾಗಿ… ಮಾಡಿದ್ಯಾ? ಯಾವಾಗ?…

ಗ್ರೂಪಲ್ಲಿ ಬರೆಯಕ್ಕೆ ಮುಂಚಿನ ಮಂಗಳವಾರ ಮಧ್ಯಾಹ್ನ… ನಾನೇನಂದೆ?…

‘ಮೀಟಿಂಗಲ್ಲಿದೀನಿ, ಕೈ ಸರಿಯಾಗಿ ತೊಳ್ಕೊಂಡು ಇನ್ನೊಂದ್ಸಲ ಹೋಗಕ್ಕೆ ಹೇಳು’ ಅಂದ್ನಾ?… ನೆನಪಿಲ್ಲ ಅಕ್ಕ. ಅಂದಿರ್ತೀನಿ. ನನ್ ಮಾತಿನ ತರಾನೇ ಇದೆ…

ತಡಿ. ಅಂದ್ರೆ ಆ ಫೋಟೋ ನೀನು ಗ್ರೂಪಿಗೆ ಹಾಕಿದ್ದಲ್ಲ. ನಂಗೆ ಹಾಕಿದ್ದು. ಕೈ ನೋಡಿದ್ರೆ ಗುರುತು ಸಿಗತ್ತೆ, ತಕ್ಷಣ ಫೋನ್ ಮಾಡ್ತಾನೆ ಅಂತ… ಅವತ್ತು ಸಂಜೆ ತನಕ ಫೋನ್ ಪಕ್ಕದಲ್ಲೇ ಇಟ್ಕೊಂಡಿದ್ಯಾ…

ನಂಗೆ ಅದು ಆಟದ ತರ ಆಗೋಗಿತ್ತು ಅಕ್ಕ. ಮೊದಮೊದಲು ಯಾವ ಫೋನು ಒಳ್ಳೇದು, ಯಾವ ಗೇಮು ಒಳ್ಳೇದು ಅಂತಿದ್ವಿ. ಆಮೇಲೆ ಹೆಬ್ಬಾಳಕ್ಕೆ ಉಕ್ಕಿನ ಫ್ಲೈಓವರ್ ಬೇಕಾ ಬೇಡ್ವಾ. ಆಮೇಲೆ ಈ ಬೆರಳಿನ ಮಷೀನು. ಯಾವ ಕಡೆ ನಿಲ್ಲಿಸಿದ್ರೂ ವಾದ ಮಾಡ್ತಿದ್ದೆ, ಗೆಲ್ತಿದ್ದೆ. ಎದುರುಗಡೆ ಮನುಷ್ಯರು ಇದಾರೆ ಅನ್ನೋದೇ… ಇಲ್ಲ, ಸಮಜಾಯಿಷಿ ಕೊಡ್ತಿಲ್ಲ. ಹಾಂ, ಕೊಡ್ತಿದೀನಿ. ಬಿಡು…

ನಿಂಗೊಂದು ಹೇಳ್ಬೇಕು. ಆ ಚಿತ್ರ ಇನ್ನೂ ಓಡಾಡ್ತಿದೆ. ನಾನು ಸುತ್ತು ಹಾಕಿದ್ದು. ಕೆಳಗಡೆ ಯಾರೋ ‘ಬಯಲಾಯ್ತು ಸುಳ್ಳು ಅಜ್ಜಿಯ ಕೈಚಳಕ’ ಅಂತ ಸೇರಿಸಿದಾರೆ. ವಾರಕ್ಕೊಂದ್ಸಲ ಯಾರಾದ್ರೂ ಕಳಿಸ್ತಾರೆ. ನಿನ್ನೆ ನಮ್ಮ ಆಫೀಸಿನ ಶಿವಶರಣಪ್ಪ ಅವರು ಕಳ್ಸಿದ್ರು, ಬೆಳಿಗ್ಗೆ ಶುಭೋದಯದ ಹೂವಿನ ಚಿತ್ರ ಬಂತು, ಅದರ ಹಿಂದೇನೇ ಈ ಕೈ. ಮೊದಲೆಲ್ಲಾ ನೋಡಿ ಖುಷಿಯಾಗ್ತಿತ್ತು ನಂಗೆ, ನಂದು ಎಲ್ಲೆಲ್ಲಿಗೋ ಹೋಗಿದೆ ಅಂತ. ಈಗ ಫೋನು ಟಿಣ್ ಅಂದ್ರೆ ಸಾಕು, ತೆಗೆದು ನೋಡಕ್ಕೆ ಮುಂಚೆ ಎರಡು ಕೈ ಮೊರದ ಮೇಲೆ ಕಾಣತ್ತೆ…

ನಿದ್ದೆ ಬರತ್ತೆ. ಅದಲ್ಲ. ಹಗಲಲ್ಲೇ ಆಗ್ತಿರೋದು. ನಮ್ಮ ಆಫೀಸಲ್ಲಿ ಬೆರಳಿಟ್ರೆ ಬಾಗಿಲು ತೆಗಿಯೋದು. ಮೂರು ದಿನದಿಂದ ನಂಗೆ ಬೆರಳಿಡಕ್ಕೆ ಆಗ್ತಿಲ್ಲ. ಗಾಜಿನ ಹತ್ರ ತಗೊಂಡ್ಹೋಗ್ತೀನಿ, ಅದು ನನ್ನ ಗುರುತು ಹಿಡಿದ್ಬಿಡತ್ತೆ ಅಂತ ಭಯ. ವಾಪಸ್ ತಗೋತೀನಿ. ಸೆಕ್ಯುರಿಟಿ ಆನಂದಪ್ಪ ಅವರು ಪುಸ್ತಕದಲ್ಲಿ ಸೈನ್ ಹಾಕಿಸ್ಕೊಂಡು ಒಳಗೆ ಬಿಡ್ತಿದಾರೆ, ಯಾಕೆ ಅಂತ ಕೇಳಿಲ್ಲ…

ಗ್ರೂಪಲ್ಲಿ ಹೇಳ್ದೆ ಅಕ್ಕ. ಸೋಮವಾರಾನೇ ಬರೆದೆ. ಆ ಕೈ ನಮ್ಮ ದೊಡ್ಡಮ್ಮಂದು, ಶೆಟ್ಟಿಹಳ್ಳಿಯೋರು, ಕೆರೆಕೋಡಿ ಹೇಳಿದ್ದೆಲ್ಲಾ ನಿಜ, ನಾನು ತಪ್ಪು ಮಾಡ್ದೆ ಅಂತ…

ಯಾರೂ ನಂಬ್ಲಿಲ್ಲ. ‘ಲೆವೆಲ್ ಹತ್ತು ಅಕೌಂಟ್ ಯಾರೋ ಕದ್ದಿದಾರೆ’ ಅಂತ ಒಬ್ಬ. ದುಡ್ಡು ತಗೊಂಡ್ಯಾ ಅಂತ ಒಬ್ಬ. ಇನ್ನೊಬ್ಬ ನನ್ನ ಆ ಒಂಬತ್ತು ಅಂಶಾನೇ ಎತ್ತಿ ಹಾಕಿ, ‘ಇದಕ್ಕೆ ಉತ್ತರ ಕೊಡಿ ಗುರು, ಕಣ್ಣೀರು ಬೇಡ, ಸಾಕ್ಷಿ ಹಾಕಿ’ ಅಂದ. ಆರು ನೂರು ಲೈಕು. ನಂಗೆ ನಾನು ಬರೆದಿದ್ದಕ್ಕೇ ಉತ್ತರ ಕೊಡಕ್ಕಾಗ್ಲಿಲ್ಲ…

ಅದಕ್ಕೇ ಅಕ್ಕ ಫೋನ್ ಮಾಡಿದ್ದು. ನಿನ್ ಹತ್ರ ಆ ಫೋಟೋದ ಮೂಲ ಇರತ್ತಲ್ಲ, ನಿನ್ ಫೋನಲ್ಲಿ ತೆಗೆದಿದ್ದು. ಅದ್ರಲ್ಲಿ ತಾರೀಕು, ಜಾಗ ಎಲ್ಲಾ ಇರತ್ತೆ. ಅದೂ, ದೊಡ್ಡಮ್ಮನ ಕಾರ್ಡು, ಮುಖ ಕೈ ಎರಡೂ ಕಾಣೋ ಇನ್ನೊಂದು ಫೋಟೋ. ಇಷ್ಟು ಹಾಕಿಬಿಟ್ರೆ ಯಾರೂ ಬಾಯಿ ತೆಗೆಯಕ್ಕಾಗಲ್ಲ. ಒಂದೊಂದಾಗಿ ಒಂಬತ್ತಕ್ಕೂ ನಾನು…

ಹಾಂ…

ಇಲ್ಲ ಅಕ್ಕ, ಗೆಲ್ಲಕ್ಕಲ್ಲ. ಆ ಚಿತ್ರ ನಿಲ್ಲಿಸಕ್ಕೆ…

ಹೌದು. ಮತ್ತೆ ಸಾಕ್ಷಿ ಕೇಳ್ತಿದೀನಿ. ನಿನ್ನನ್ನೇ ಕೇಳ್ತಿದೀನಿ…

ಸತ್ತೋರ ಕೈ ಮತ್ತೆ ಅವರ ಮುಂದೆ ಹರಡಲ್ಲ ಅಂತೀಯ… ಸರಿ. ಸರಿ ಅಕ್ಕ, ಬೇಡ. ಕೇಳ್ಬಾರ್ದಿತ್ತು. ಹಂಗೇ ಇರ್ಲಿ. ನನ್ನನ್ನ ಏನ್ ಬೇಕಾದ್ರೂ ಅಂದ್ಕೊಳ್ಳಿ ಅವರು…

ಒಂದೇ ಒಂದು ಕೇಳ್ತೀನಿ, ಅದಕ್ಕೆ ನಿಜ ಹೇಳು. ದೊಡ್ಡಮ್ಮ ಅದನ್ನ ನೋಡ್ತಾ? ನಾನು ಸುತ್ತು ಹಾಕಿದ್ದು…

ಮೋನಿಕಾ ಕ್ಲಾಸಿನ ಗ್ರೂಪಿಗೂ ಬಂದಿತ್ತಾ?… ಅವಳು ಗೊತ್ತಿಲ್ದೆ ತೋರಿಸ್ಬಿಟ್ಲಾ. ‘ಅಜ್ಜಿ, ನಿನ್ ಕೈ ತರಾನೇ ಇದೆ’ ಅಂತ… ಅವಳಿಗೆ ಗುರುತು ಸಿಕ್ತಲ್ಲ ಅಕ್ಕ. ಒಂದು ನೋಟಕ್ಕೆ ಸಿಕ್ತಲ್ಲ…

ಏನ್ ಕೇಳ್ತು ದೊಡ್ಡಮ್ಮ?… ‘ಯಾಕಮ್ಮಿ ಕೆಂಪ್ ಬಳೆ ತರ ಸುತ್ತಾಕವ್ರೆ’ ಅಂತಾ… ನೀನೇನಂದೆ?…

ಏನು?… ಇನ್ನೊಂದ್ಸಲ ಹೇಳು…

‘ನಮ್ ಯಶೂನೇ ಹಾಕಿರೋದು’ ಅಂದ್ಯಾ. ‘ಇದು ನಮ್ಮ ದೊಡ್ಡಮ್ಮನ ಕೈ, ಎಲ್ರೂ ನೋಡಿ ಅಂತ ಹನ್ನೊಂದು ಸಾವಿರ ಜನಕ್ಕೆ ತೋರಿಸವ್ನೆ’ ಅಂದ್ಯಾ…

ಅಳ್ತಿಲ್ಲ. ಹೇಳು… ನಂಬಿಬಿಡ್ತಾ?… ಪಕ್ಕದ್ಮನೆ ಗೋಪಾಲಮ್ಮಂಗೂ ಹೋಗಿ ಹೇಳ್ತಾ… ಅಂಗಡೀಲಿ ಅಂದ್ರೆ ಅನ್ನಲಿ, ನಮ್ಮ ಹುಡುಗ ಗುರುತು ಹಿಡ್ದವ್ನೆ ಅಂತಾ…

ಅಕ್ಕ, ಸಾಕು… ಇಲ್ಲ, ನಿಲ್ಲಿಸ್ಬೇಡ, ಹೇಳು…

ಕೊನೇಗೆ ಬಂದಾಗ. ಹಾಂ, ಮಾತ್ರೆ ತಂದ್ಕೊಟ್ಟಿದ್ದೆ, ಶುಗರಿಂದು. ಕಾರು ರಸ್ತೇಲೇ ನಿಲ್ಲಿಸಿದ್ದೆ, ಯಾರೋ ಹಾರ್ನ್ ಹೊಡೀತಿದ್ರು. ನಾನು ಒಳಗೂ ಬರ್ಲಿಲ್ಲ. ದೊಡ್ಡಮ್ಮ ಜಗಲಿ ಮೇಲೆ ಕೂತಿತ್ತು. ನನ್ನ ನೋಡಿ ಎರಡೂ ಕೈ ಮುಂದಕ್ಕೆ ಚಾಚ್ತು. ಅಂಗೈ ಮೇಲೆ ಮಾಡ್ಕೊಂಡು. ನಕ್ಕೊಂಡು ‘ಎಂಗವೆ ಮಗಾ?’ ಅಂತು…

ನಾನು ಮಾತ್ರೆ ಕೇಳ್ತಿದೆ ಅಂದ್ಕೊಂಡೆ ಅಕ್ಕ, ಕೈ ತೋರಿಸ್ತಿದೆ ಅಂತ ಗೊತ್ತಾಗ್ಲಿಲ್ಲ. ಎರಡು ಶೀಟೂ ಆ ಕೈಯಲ್ಲಿಟ್ಟು ‘ಬೆಳಿಗ್ಗೆ ಒಂದು, ಸಂಜೆ ಒಂದು’ ಅಂದೆ. ಅಂದು ಹೊರಟುಬಿಟ್ಟೆ. ಕನ್ನಡೀಲಿ ನೋಡಿದ್ರೆ ಇನ್ನೂ ಹಂಗೇ ಚಾಚ್ಕೊಂಡೇ ಕೂತಿತ್ತು…

ಅಕ್ಕ, ಅಲ್ಲೇ ಇದ್ಯಲ್ಲ ನೀನು, ಬಾಗಿಲ ಹತ್ರ. ನಾನು ಹೋದ್ಮೇಲೆ ಏನಾದ್ರೂ ಅಂತಾ? ಆ ಮಾತ್ರೆ ಹಿಡ್ಕೊಂಡು ನಿನ್ ಹತ್ರ ಏನಾದ್ರೂ…

ಅಂತು ಅಂದ್ಯಾ? ಏನಂತು?…

ಹಲೋ… ಅಕ್ಕ, ಒಡೆದೊಡೆದು ಬರ್ತಿದೆ, ‘ಮಗ’ ಅನ್ನೋದೊಂದೇ ಕೇಳಿಸ್ತು. ಅದಾದ್ಮೇಲೆ ಏನಂತು?… ಹಲೋ… ಕೇಳ್ತಿದೀನಿ ಅಕ್ಕ, ಇಲ್ಲೇ ಇದೀನಿ, ಹೇಳು… ಹಲೋ…